ಟವರ್ ಗುಂಡಿಯೂ ಕೆರೆ ಆಮೆಯೂ

ಕಲಬುರಗಿ, ಯಾದಗಿರಿ ಕಡೆ ತೊಗರಿ ರಾಶಿ ಮುಗಿಯುತ್ತಿದ್ದ ಹಾಗೆ ಹೊಲಕ್ಕೆ ಜೆಸಿಬಿ ಇಳಿಯುತ್ತದೆ. ಬೆಳೆ ನಿಂತಿರುವಾಗ ಕರೆಂಟ್ ಲೈನಿನ ಟವರ್ ಕೆಲಸಕ್ಕೆ ಯಾವ ರೈತ ಒಪ್ಪುತ್ತಾನೆ ಹೇಳಿ? ಹಾಗಾಗಿ ಜನವರಿಯಿಂದ ಮಳೆ ಬೀಳುವ ತನಕ ಲೈನ್ ಎಳೆಯುವವರಿಗೆ ಸುಗ್ಗಿ. ಕರೆಂಟ್ ತಂತಿಗೆ ಬಡಿದು ಹಕ್ಕಿಗಳು ಸಾಯುವ ಸುದ್ದಿ ನೀವು ಓದಿರುತ್ತೀರಿ. ನೆಲದ ಮೇಲೆ ಹರಿದಾಡುವ ಉಡ, ಹಾವು, ಆಮೆಗಳ ವಿಷಯ ಯಾರೂ ಎತ್ತಲ್ಲ. ಅವುಗಳಿಗೆ ತಂತಿಗಿಂತ, ತಂತಿ ಬರುವ ಮೊದಲು ತೋಡುವ ಗುಂಡಿಯೇ ಜಾಸ್ತಿ ಅಪಾಯ.

ಟವರಿಗೆ ನಾಲ್ಕು ಕಾಲು, ನಾಲ್ಕು ಗುಂಡಿ. ನಮ್ಮ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ, ಆದ್ದರಿಂದ ಪಾಯ ಆಳಕ್ಕೇ ಹೋಗಬೇಕು. ಗುಂಡಿ ತೋಡಿದ ದಿನವೇ ಕಾಂಕ್ರೀಟ್ ಬೀಳುವುದಿಲ್ಲ. ಕಂಬಿ ಬರಬೇಕು, ಮರಳು ಬರಬೇಕು, ಅಷ್ಟರಲ್ಲಿ ಗುಂಡಿ ದಿನಗಟ್ಟಲೆ ಬಾಯಿ ತೆರೆದು ಕೂತಿರುತ್ತದೆ. ರಾತ್ರಿ ಕಪ್ಪೆ ಬೀಳುತ್ತದೆ, ಅದರ ಹಿಂದೆ ಹಾವು. ಉಡಕ್ಕೆ ಉಗುರಿದೆ, ಹೇಗೋ ಹತ್ತಿಕೊಂಡು ಬಂದೀತು (ಕೋಟೆ ಹತ್ತಲು ಉಡ ಬಳಸಿದ ಕಥೆ ಸುಮ್ನೆ ಹುಟ್ಟಿಲ್ಲ ಅಲ್ವಾ). ಹಾವುರಾಣಿಗೆ, ಆಮೆಗೆ ಆ ನೆಟ್ಟಗಿನ ಗೋಡೆ ಹತ್ತಲು ಆಗಲ್ಲ. ನೆರಳಿಲ್ಲದ ಗುಂಡಿಯಲ್ಲಿ ಏಪ್ರಿಲ್ ಬಿಸಿಲಿಗೆ ಅವು ಒಣಗಿ ಸಾಯುತ್ತವೆ.

ಕೆರೆ ಆಮೆ ಹೊಲಕ್ಕೆ ಯಾಕೆ ಬರುತ್ತದೆ ಅಂತ ಕೇಳಬಹುದು. ಮೆತ್ತನೆ ಚಿಪ್ಪಿನ ಈ ಆಮೆ ಕೆರೆ ಬತ್ತಿದಾಗ ಕೆಸರಿನೊಳಗೆ ಹೂತುಕೊಂಡು ಕಾಲ ಕಳೆಯುತ್ತದೆ, ಇಲ್ಲವೇ ಇನ್ನೊಂದು ನೀರು ಹುಡುಕಿಕೊಂಡು ನಡೆಯುತ್ತದೆ. ಮುಂಗಾರಿನ ಮೊದಲ ಮಳೆಗೆ ಮತ್ತೆ ಓಡಾಟ ಶುರು. ಅಳಿವಿನ ಭೀತಿ ಇರುವ ಜೀವಿಗಳ ಪಟ್ಟಿಗೆ ಇದೂ ಸೇರಿದೆ. ಉಡ, ಈ ಆಮೆ ಎರಡೂ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಗುಂಡಿಯಲ್ಲಿ ಸಿಕ್ಕ ಉಡವನ್ನು ಸಂಜೆ ಸಾರಿಗೆ ಹಾಕಿದರೆ ಮೂರರಿಂದ ಏಳು ವರ್ಷ ಜೈಲು ಆಗಬಹುದು. ಇದನ್ನು ಮೇಸ್ತ್ರಿ ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು.

ಪರಿಹಾರಕ್ಕೆ ದೊಡ್ಡ ಖರ್ಚೇನೂ ಇಲ್ಲ. ಸಂಜೆ ಗುಂಡಿ ಮುಚ್ಚಬೇಕು, ಆಗದಿದ್ದರೆ ಒಂದು ಒರಟು ಹಲಗೆಯನ್ನು ಓರೆಯಾಗಿ ಇಳಿಬಿಡಬೇಕು. ಬೆಳಿಗ್ಗೆ ಯಾರೂ ಇಳಿಯುವ ಮೊದಲು ಬ್ಯಾಟರಿ ಹಿಡಿದು ಮೂಲೆ ಮೂಲೆ ನೋಡಬೇಕು. ಕೊಳಕುಮಂಡಲ ಬಿದ್ದಿದ್ದರೆ ಇದರಿಂದ ಕೂಲಿಯವರ ಜೀವವೂ ಉಳಿಯುತ್ತದೆ.

ಇನ್ನು ಹೊತ್ತಿನ ಮಾತು. ಸರೀಸೃಪಗಳು ಮೈಯ ಬಿಸಿಗೆ ಸೂರ್ಯನನ್ನೇ ನಂಬಿವೆ. ಬೀದರಿನ ಜನವರಿ ಚಳಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಬದುವಿನ ಕಲ್ಲುರಾಶಿಗೆ ಜೆಸಿಬಿ ಬಾಯಿ ಹಾಕಿದರೆ ಒಳಗಿನ ಹಾವಿಗೆ ಎಚ್ಚರ ಇದ್ದರೂ ಓಡುವ ಶಕ್ತಿ ಇರುವುದಿಲ್ಲ. ಬಿಸಿಲೇರಿದ ಮೇಲೆ, ಕಲ್ಲನ್ನು ಕೈಯಿಂದ ಒಂದೊಂದಾಗಿ ತೆಗೆದರೆ ಅದು ತಾನೇ ಜಾಗ ಬಿಡುತ್ತದೆ.

ಹುತ್ತದ ವಿಷಯ ಬೇರೆ. ಪೂಜೆ ಮಾಡುವ ಹುತ್ತವನ್ನು ನಮ್ಮಲ್ಲಿ ಯಾರೂ ಮುಟ್ಟಲ್ಲ, ಆದರೆ ಅರಿಶಿನ ಕುಂಕುಮ ಕಾಣದ ಹುತ್ತಗಳು ಜೆಸಿಬಿ ಬಕೆಟ್‌ನ ಒಂದೇ ಏಟಿಗೆ ಹೋಗುತ್ತವೆ. ಉಡ ಮಳೆಗಾಲದಲ್ಲಿ ಬಿಲದಲ್ಲಿ, ಎಷ್ಟೋ ಸಲ ಹುತ್ತದಲ್ಲಿ ಮೊಟ್ಟೆ ಇಟ್ಟು ಮಣ್ಣು ಮುಚ್ಚಿ ಹೋಗುತ್ತದೆ. ಗೆದ್ದಲಿನ ಮನೆಯೊಳಗೆ ಬಿಸಿಯೂ ತೇವವೂ ಹೆಚ್ಚು ಏರಿಳಿಯದೆ ಇರುತ್ತವೆ, ಮೊಟ್ಟೆಗೆ ಅದೇ ಬೇಕು. ಮರಿ ಹೊರಬರಲು ಆರೇಳು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ. ಅಂದರೆ ಟವರ್ ಕೆಲಸ ಜೋರಾಗಿರುವ ಜನವರಿ, ಫೆಬ್ರವರಿಯಲ್ಲಿ ಖಾಲಿ ಕಾಣುವ ಹುತ್ತದೊಳಗೆ ಮೊಟ್ಟೆ ಇರಬಹುದು, ಅವನ್ನು ಕಾಯುವ ತಾಯಿ ಅಲ್ಲಿ ಇರುವುದಿಲ್ಲ. ಇದಕ್ಕೆ ಸರ್ವೆ ಸಮಯದಲ್ಲೇ ಹುತ್ತ, ಕಲ್ಲುರಾಶಿ, ಕೆರೆ ದಂಡೆಗಳನ್ನು ನಕ್ಷೆಯಲ್ಲಿ ಗುರುತು ಹಾಕುವುದೇ ದಾರಿ. ಟವರ್ ಜಾಗವನ್ನು ಲೈನಿನ ಉದ್ದಕ್ಕೇ ಹತ್ತಿಪ್ಪತ್ತು ಮೀಟರ್ ಸರಿಸುವುದು ಕಾಗದದ ಮೇಲೆ ಸುಲಭ, ಗುಂಡಿ ತೋಡಿದ ಮೇಲೆ ಯಾರೂ ಒಪ್ಪಲ್ಲ. ಚಿಂಚೋಳಿಯ ಕಾಡಿನಂಥ ಕಡೆ ಅರಣ್ಯ ಇಲಾಖೆ ಇದನ್ನು ಕೇಳೀತು. ಹೊಲದ ಬದುವಿನ ಪರವಾಗಿ ಕೇಳುವವರು ಕಡಿಮೆ.

ಹಿಡಿದ ಪ್ರಾಣಿಯನ್ನು ಚೀಲಕ್ಕೆ ಹಾಕಿ ದೂರದ ಕಾಡಿಗೆ ಬಿಟ್ಟು ಬಂದರೆ ಪುಣ್ಯ ಅಂದುಕೊಳ್ಳುತ್ತಾರೆ. ನನಗೆ ಇದು ಪೂರ್ತಿ ಸರಿ ಅನಿಸಲ್ಲ. ಹಾವಿಗೆ ತನ್ನ ಬಿಲ, ನೀರು, ಬೇಟೆಯ ಜಾಗ ಗೊತ್ತಿರುತ್ತದೆ, ಗುರುತಿಲ್ಲದ ಕಡೆ ಬಿಟ್ಟರೆ ಅದು ಸುಮ್ಮನೆ ಅಲೆಯುತ್ತದೆ, ರಸ್ತೆಗೂ ಬರುತ್ತದೆ. ತಿಳಿದವರನ್ನು ಕರೆಸಿ, ಅರಣ್ಯ ಇಲಾಖೆಗೆ ಹೇಳಿ, ಹತ್ತಿರದಲ್ಲೇ ಅಂಥದೇ ಬದುವಿಗೆ ಬಿಡಿಸುವುದು ಮೇಲು. ತೆಗೆದ ಕಲ್ಲನ್ನೂ ಟ್ರ್ಯಾಕ್ಟರಿಗೆ ತುಂಬಿ ಸಾಗಿಸಬೇಡಿ. ಟವರ್ ಕಾಲಿನಿಂದ ಸ್ವಲ್ಪ ದೂರ, ಅದೇ ಬದುವಿನಲ್ಲಿ ಸಂದು ಬಿಟ್ಟು ಮತ್ತೆ ರಾಶಿ ಹಾಕಿಸಿ.