ಮೈಕ್ರೋಪ್ಲಾಸ್ಟಿಕ್: ಮಣ್ಣಾಗದ ಪುಡಿ

ಕಾರಟಗಿ ಕಡೆಯ ಗದ್ದೆಯ ಬದುವಿನ ಮೇಲೆ ಒಂದೆರಡು ಬೇಸಿಗೆ ಬಿದ್ದಿದ್ದ ಯೂರಿಯಾ ಚೀಲವನ್ನು ಎತ್ತಲು ಹೋದರೆ ಅದು ಇಡಿಯಾಗಿ ಕೈಗೆ ಬರುವುದಿಲ್ಲ. ಹಿಡಿದಲ್ಲೆಲ್ಲ ಎಳೆಎಳೆಯಾಗಿ ಹರಿದು, ಬೆರಳುಗಳ ನಡುವಿನಿಂದ ಬಿಳಿಯ ಹಿಟ್ಟಿನಂತೆ ಉದುರುತ್ತದೆ. ಆ ಹಿಟ್ಟು ಮುಂದೆ ಏನಾಗುತ್ತದೆ ಎಂದು ಕೇಳಿದಾಗಲೆಲ್ಲ ನನ್ನ ತರಗತಿಯ ಮಕ್ಕಳು ಹೇಳುವ ಉತ್ತರ ಒಂದೇ: "ಮಣ್ಣಾಗ್ತದ್ರಿ ಸರ್." ಮೈಕ್ರೋಪ್ಲಾಸ್ಟಿಕ್ ಎಂಬ ಪದವನ್ನು ನಾನು ಈ ಉತ್ತರದಿಂದಲೇ ಹೇಳಿಕೊಡಲು ತೊಡಗುತ್ತೇನೆ.

ಐದು ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರು, ಎಳೆ ಅಥವಾ ಕಣಕ್ಕೆ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಸೂಕ್ಷ್ಮ ಪ್ಲಾಸ್ಟಿಕ್ ಎಂಬ ರೂಪವೂ ಬಳಕೆಯಲ್ಲಿದೆ. ಬ್ರಿಟನ್ನಿನ ಕಡಲಜೀವ ವಿಜ್ಞಾನಿ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರ ಪ್ರಬಂಧವೊಂದು 2004ರಲ್ಲಿ ಪ್ರಕಟವಾದ ಮೇಲೆ ಈ ಪದ ಎಲ್ಲೆಡೆ ಹರಡಿತು. ಕಾರ್ಖಾನೆಯಿಂದಲೇ ಸಣ್ಣ ಕಾಳುಗಳಾಗಿ ಹೊರಬರುವ ಪ್ಲಾಸ್ಟಿಕ್ಕೂ ಇದರಲ್ಲಿ ಸೇರುತ್ತದೆ. 2021ರಲ್ಲಿ ಕೊಲಂಬೊ ಬಳಿ ಹಡಗೊಂದು ಹೊತ್ತಿ ಮುಳುಗಿದಾಗ ಶ್ರೀಲಂಕೆಯ ಕರಾವಳಿಯನ್ನು ಮುಚ್ಚಿದ್ದು ಇಂತಹ ಕಾಳುಗಳೇ. ನಮ್ಮ ಜಿಲ್ಲೆಯಲ್ಲಿ ಕಣ್ಣಿಗೆ ಬೀಳುವುದು ಮಾತ್ರ ಎರಡನೆಯ ಬಗೆ, ಅಂದರೆ ದೊಡ್ಡ ವಸ್ತು ಒಡೆದು ಹುಟ್ಟುವ ಪುಡಿ.

ಸೆಣಬಿನ ಚೀಲ ಮಣ್ಣಿನಲ್ಲಿ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಅರಗಿಸಿಕೊಳ್ಳುತ್ತವೆ; ಇದಕ್ಕೆ ಕೊಳೆಯುವುದು ಎಂದು ಹೆಸರು. ಗೊಬ್ಬರದ ಚೀಲವನ್ನು ನೇಯ್ದಿರುವುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಪಟ್ಟಿಗಳಿಂದ. ಬಿಸಿಲಿನ ನೇರಳಾತೀತ ಕಿರಣಗಳು ಅದರ ಉದ್ದನೆಯ ಅಣು ಸರಪಳಿಗಳನ್ನು ಅಲ್ಲಲ್ಲಿ ಕತ್ತರಿಸುವುದರಿಂದ ಚೀಲ ಪೆಡಸಾಗಿ ಮುರಿಯುತ್ತದೆಯೇ ಹೊರತು, ಮುರಿದ ಪ್ರತಿ ಚೂರೂ ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ರಾಯಚೂರು, ಕೊಪ್ಪಳದ ಬೇಸಿಗೆಯಲ್ಲಿ ಈ ಕೆಲಸ ಬೇಗ ನಡೆಯುತ್ತದೆ. ಕೊಳೆಯುವುದು ಬೇರೆ, ಪುಡಿಯಾಗುವುದು ಬೇರೆ ಎಂಬ ಈ ಒಂದು ಅಂತರ ಮಗುವಿನ ಮನಸ್ಸಿಗೆ ನಾಟಿದರೆ ಪದದ ಮುಕ್ಕಾಲು ಅರ್ಥ ತಿಳಿದಂತೆ ಎಂದು ನಾನು ನಂಬಿದ್ದೇನೆ.

ಸಮುದ್ರವನ್ನೇ ಕಾಣದ ನಮ್ಮ ಮಕ್ಕಳಿಗೂ ಕಡಲಿಗೂ ಏನು ನಂಟು? ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ. ಮಳೆ ಬಂದಾಗ ಗದ್ದೆಯ ಬಸಿನೀರಿನೊಂದಿಗೆ ಆ ಪುಡಿ ಹಳ್ಳಕ್ಕೆ, ಹಳ್ಳದಿಂದ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ ಸೇರುತ್ತದೆ. ಒಂದಷ್ಟು ಅಣೆಕಟ್ಟುಗಳ ಹೂಳಿನಲ್ಲಿ ಉಳಿಯುತ್ತದೆ. ಗೇಟುಗಳು ತೆರೆದಾಗ ತೇಲುವ ಭಾಗ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ ದಾಟಿ ಬಂಗಾಳ ಕೊಲ್ಲಿಯವರೆಗೂ ಹೋಗಬಲ್ಲದು. ಕೃಷ್ಣೆ ಕಡಲು ಸೇರುವ ಆ ತೀರದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ನೀರಿನಲ್ಲಿ ಬಹಳ ದಿನ ತೇಲಿದ ಚೂರಿನ ಮೇಲೆ ಪಾಚಿ ಬೆಳೆದು ಆಹಾರದ ವಾಸನೆಯೇ ಬರುವುದರಿಂದ ಆಮೆ, ಮೀನು, ಹಕ್ಕಿಗಳು ಮೋಸಹೋಗಿ ನುಂಗುತ್ತವೆ. ನೀರನ್ನು ಸೋಸಿ ತಿನ್ನುವ ಚಿಪ್ಪುಜೀವಿಗಳಿಗಂತೂ ಆರಿಸಿಕೊಳ್ಳುವ ಅವಕಾಶವೇ ಕಡಿಮೆ. ಹೊಟ್ಟೆ ತುಂಬಿದಂತಾಗಿ ಮೈಗೆ ಏನೂ ಹತ್ತದೆ ಮರಿಗಳು ಸೊರಗುವುದನ್ನು ಕೇಳಿದಾಗ ಮಕ್ಕಳ ಮುಖ ಸಪ್ಪಗಾಗುತ್ತದೆ, ನನಗೂ ಮುಂದೆ ಮಾತು ಹೊರಡುವುದಿಲ್ಲ.

ಹಾಗಾಗಿ ಆಗಲೇ ಅವರ ಕೈಗೆ ಕೆಲಸ ಕೊಡುತ್ತೇನೆ. ಕಾಲುವೆಯ ಒಂದು ಹಿಡಿ ಹೂಳನ್ನು ಒಣಗಿಸಿ, ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿದ ನೀರಿನಲ್ಲಿ ಕದಡಿ, ಒಂದು ರಾತ್ರಿ ಅಲುಗಾಡಿಸದೆ ಇಡಬೇಕು. ಮಣ್ಣು ತಳಕ್ಕಿಳಿಯುತ್ತದೆ, ಹಗುರಾದದ್ದು ಮೇಲೇಳುತ್ತದೆ. ಮೇಲಿನ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಭೂತಗನ್ನಡಿಯಲ್ಲಿ ನೋಡಿದರೆ ಭತ್ತದ ಹೊಟ್ಟು, ಬೇರಿನ ಎಳೆಗಳೂ ಕಾಣುತ್ತವೆ. ಅವುಗಳ ನಡುವೆ ತುದಿಯಿಂದ ತುದಿಗೆ ಒಂದೇ ದಪ್ಪ, ಒಂದೇ ಬಣ್ಣವಿರುವ, ಗಂಟಾಗಲಿ ನರವಾಗಲಿ ಇಲ್ಲದ ಎಳೆಯೊಂದು ಸಿಕ್ಕರೆ, ಅದು ಗದ್ದೆಯ ಬದುವಿನ ಚೀಲದ ಎಳೆಗೆ ಹೋಲುತ್ತದೆಯೇ ಎಂದು ಪಕ್ಕದಲ್ಲಿಟ್ಟು ನೋಡಬಹುದು.