ಅಂಗೈ ಬೆವರು, ವಾದ್ಯದ ಹಿಡಿತ

ವೇದಿಕೆ ಏರುವ ಹೊತ್ತಿಗೆ ಅಂಗೈ ಬೆವರಿದರೆ ಅದನ್ನು ಅಂಜಿಕೆಯ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ಅಂಜಿಕೆಯ ಪಾಲು ಇರುವುದು ನಿಜ. ಆದರೆ ಆ ಬೆವರಿಗೆ ಇನ್ನೊಂದು ಕೆಲಸವೂ ಇದೆ. ಹಣೆ, ಬೆನ್ನು ಬೆವರುವುದು ಮೈ ತಂಪಾಗಲೆಂದು. ಅಂಗೈ, ಅಂಗಾಲು ಬೆವರುವುದು ಹೆಚ್ಚಾಗಿ ಮನಸ್ಸು ಉದ್ವೇಗಗೊಂಡಾಗ. ಮರ ಹತ್ತುವ, ಕೊಂಬೆ ಹಿಡಿಯುವ ಗಳಿಗೆಯಲ್ಲಿ ಚರ್ಮ ಜಾರದಿರಲಿ ಎಂದು ಬೆಳೆದುಬಂದ ಏರ್ಪಾಡು ಇದಾಗಿರಬೇಕು ಎಂಬುದು ಜೀವವಿಜ್ಞಾನಿಗಳ ವಿವರಣೆ. ಬೆರಳ ತುದಿಯ ಉಬ್ಬುಗೆರೆಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ, ಗೆರೆಗಳ ನೆತ್ತಿಯ ಮೇಲೆಯೇ ಬೆವರಿನ ರಂಧ್ರಗಳು ಸಾಲಾಗಿ ಕಾಣುತ್ತವೆ.

ತೀರಾ ಒಣಗಿದ ಚರ್ಮ ಗಡುಸಾಗಿರುತ್ತದೆ. ಹಿಡಿದ ವಸ್ತುವನ್ನು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಮುಟ್ಟುತ್ತದೆ. ತುಸು ತೇವ ತಗಲಿದರೆ ಹೊರಪದರದ ಕೆರಾಟಿನ್ ಎಂಬ ಗಡುಸು ಪ್ರೋಟೀನ್ ಮೆತ್ತಗಾಗಿ, ಮುಟ್ಟುವ ಜಾಗ ಹಿಗ್ಗಿ, ಘರ್ಷಣೆ ಏರುತ್ತದೆ. ತೇವ ಇನ್ನೂ ಹೆಚ್ಚಿ ನೀರಿನ ಪೊರೆಯಾದರೆ ಘರ್ಷಣೆ ಮತ್ತೆ ಇಳಿಯುತ್ತದೆ. ಧಾರವಾಡದ ಡಿಸೆಂಬರ್ ಬೆಳಗಿನ ರಿಯಾಜಿನಲ್ಲಿ ಪಿಟೀಲಿನ ಕಮಾನು ಬೆರಳಿನಿಂದ ನುಣುಚುವುದಕ್ಕೂ ಗದಗಿನ ಮೇ ತಿಂಗಳ ಸಂಜೆ ಅದೇ ಕಮಾನು ಜಾರುವುದಕ್ಕೂ ಕಾರಣಗಳು ತದ್ವಿರುದ್ಧ. ಹಾಗಾಗಿ ಮದ್ದೂ ಬೇರೆ: ಚಳಿಯಲ್ಲಿ ಬೆರಳಿಗೆ ಬಿಸಿಯುಸಿರು ಊದಬೇಕು, ಬೇಸಿಗೆಯಲ್ಲಿ ಹತ್ತಿಬಟ್ಟೆಯಿಂದ ಒರೆಸಬೇಕು.

ಜಾರುತ್ತಿದೆ ಎಂಬ ಸುದ್ದಿ ಮಿದುಳಿಗೆ ತಲುಪುವುದು ಹೇಗೆ? ಸ್ವೀಡನ್ನಿನ ರೋಲೆಂಡ್ ಯೋಹಾನ್ಸನ್ ಮತ್ತು ಯೊರಾನ್ ವೆಸ್ಟ್‌ಲಿಂಗ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಂದ ಚಿಕ್ಕ ವಸ್ತುವೊಂದನ್ನು ಎರಡೇ ಬೆರಳಿನಲ್ಲಿ ಎತ್ತಿಸಿದರು. ಅದರ ಮೈಗೆ ಒಮ್ಮೆ ಮರಳು ಕಾಗದ, ಒಮ್ಮೆ ಮೆತ್ತನೆಯ ತೊಗಲು, ಒಮ್ಮೆ ರೇಷ್ಮೆ. ಮೇಲ್ಮೈ ನುಣುಪಾದಷ್ಟೂ ಬೆರಳುಗಳು ತಾವಾಗಿಯೇ ಹೆಚ್ಚು ಒತ್ತಿದವು. ಜಾರದಿರಲು ಬೇಕಾದುದಕ್ಕಿಂತ ಸ್ವಲ್ಪವೇ ಹೆಚ್ಚು, ಅಷ್ಟೇ. ಬೆರಳ ತುದಿಯ ನರಗಳು ಸೂಕ್ಷ್ಮ ಜಾರುವಿಕೆಯನ್ನೂ ಗುರುತಿಸುತ್ತವೆ. ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ, ನಮ್ಮ ಗಮನಕ್ಕೆ ಬರುವ ಮೊದಲೇ, ಹಿಡಿತ ಬಿಗಿಯಾಗಿರುತ್ತದೆ. ಇದರಲ್ಲಿ ಕಣ್ಣಿನ ಪಾತ್ರ ಬಹಳ ಕಡಿಮೆ. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲವನ್ನೂ ನುಡಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸ್ಪರ್ಶದಿಂದಲೇ ವಾದ್ಯ ಕಲಿಯುತ್ತಾ ಬಂದಿದ್ದಾರೆ. ಹಿಡಿತದ ಪಾಠವನ್ನು ಚರ್ಮಕ್ಕೇ ಹೇಳಿಕೊಡಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣುವುದಿಲ್ಲ.

ತೊಂದರೆ ಶುರುವಾಗುವುದೂ ಇಲ್ಲಿಯೇ. ಘರ್ಷಣೆ ಕಡಿಮೆಯಾದಾಗ ಮಿದುಳು ನಮ್ಮನ್ನು ಕೇಳದೆ ಹಿಡಿತ ಬಿಗಿ ಮಾಡುತ್ತದೆ. ಬೆರಳು ಮಡಚುವ ದೊಡ್ಡ ಸ್ನಾಯುಗಳಿರುವುದು ಮುಂಗೈಯಲ್ಲಿ. ಅವುಗಳ ತಂತುಗಳು ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾಯ್ದು ಬೆರಳು ಸೇರುತ್ತವೆ. ಗಂಟೆಗಟ್ಟಲೆ ಅಮುಕಿ ಹಿಡಿದರೆ ಮುಂಗೈ ಸೋಲುತ್ತದೆ, ದ್ರುತ್‌ನಲ್ಲಿ, ಅಂದರೆ ವೇಗದ ಲಯದಲ್ಲಿ, ಬೆರಳು ತಡವರಿಸುತ್ತದೆ. "ಗಟ್ಟಿಯಾಗಿ ಹಿಡಿ" ಎಂದು ಮಕ್ಕಳನ್ನು ಗದರುವುದಕ್ಕಿಂತ, ಮೆಲ್ಲಗೆ ಹಿಡಿದರೂ ಜಾರದಂತೆ ವಾದ್ಯವನ್ನೂ ಕೈಯನ್ನೂ ಸಜ್ಜು ಮಾಡಿಕೊಡುವುದು ಗುರುಗಳ ಕರ್ತವ್ಯ ಎಂದೇ ನಾನು ನಂಬಿದ್ದೇನೆ.

ತಬಲಾದವರ ಪಕ್ಕದಲ್ಲಿರುವ ಪೌಡರ್ ಡಬ್ಬಿಯನ್ನು ನೋಡಿ ಬೇರೆ ವಾದಕರೂ ಕೈಗೆ ಪೌಡರ್ ಬಳಿದುಕೊಳ್ಳುವುದುಂಟು. ಆ ಪೌಡರಿನ ಟಾಲ್ಕ್ ಖನಿಜಗಳಲ್ಲೇ ಅತಿ ಮೆದುವಾದದ್ದು. ಅದರ ಪದರಗಳು ಒಂದರ ಮೇಲೊಂದು ಜಾರುತ್ತವೆ. ಡಗ್ಗಾದ (ತಬಲಾ ಜೋಡಿಯ ದೊಡ್ಡ ಎಡ ವಾದ್ಯದ) ಮೇಲೆ ಮಣಿಕಟ್ಟನ್ನು ಒತ್ತಿ ಸರಿಸುತ್ತಾ ನಾದವನ್ನು ಏರಿಳಿಸುವವರಿಗೆ ಬೇಕಾದದ್ದೇ ಆ ಜಾರಿಕೆ. ಕಮಾನನ್ನೋ ಕೊಳಲನ್ನೋ ಹಿಡಿಯುವವರಿಗೆ ಅದು ಹಾನಿ. ಜಿಮ್ನಾಸ್ಟ್‌ಗಳು ಕೈಗೆ ಬಳಿದುಕೊಳ್ಳುವ ಬಿಳಿಪುಡಿ ಟಾಲ್ಕ್ ಅಲ್ಲ, ಮೆಗ್ನೀಸಿಯಂ ಕಾರ್ಬೊನೇಟ್.

ಸಿತಾರದ ಸಂಗತಿ ಇನ್ನೂ ಸೂಕ್ಷ್ಮ. ಸಿತಾರ್ ರತ್ನ ರಹಿಮತ್ ಖಾನರು ಬಂದು ನೆಲೆಸಿದ ಧಾರವಾಡದಲ್ಲಿ ಈ ವಾದ್ಯಕ್ಕೆ ಮನೆತನದ ಪರಂಪರೆಯೇ ಇದೆ. ಸ್ವರದಿಂದ ಸ್ವರಕ್ಕೆ ಸಾಗುವಾಗ ಎಡಗೈ ಬೆರಳು ತಂತಿಯ ಮೇಲೆ ಸರಾಗವಾಗಿ ಓಡಬೇಕು. ಅದಕ್ಕೆಂದೇ ಎಣ್ಣೆಯಲ್ಲಿ ನೆನೆಸಿದ ಹತ್ತಿ ಪಕ್ಕದಲ್ಲಿರುತ್ತದೆ. ಮೀಂಡ್‌ನಲ್ಲಿ, ಅಂದರೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಜಾರಿಸುವಾಗ, ಆ ಎಳೆತಕ್ಕೆ ಇಡೀ ವಾದ್ಯ ತಿರುಗದಂತೆ ತಡೆಯಬೇಕಾದದ್ದು ಬುಡದ ಸೋರೆಕಾಯಿಯ (ತುಂಬಾ) ಮೇಲೆ ಒತ್ತಿದ ಬಲ ಮುಂಗೈ, ಕೆಳಗಿನ ಎಡಗಾಲು ಮತ್ತು ಬಲ ತೊಡೆ. ಒಂದು ಕಡೆ ಜಾರಿಕೆ, ಇನ್ನೊಂದು ಕಡೆ ಘರ್ಷಣೆ. ಪಾಲಿಶ್ ಮಾಡಿದ ಕಾಯಿ ಬೆವರಿದ ಮುಂಗೈಗೆ ನಿಲ್ಲುವುದಿಲ್ಲ. ಕಾಯಿಯ ಕೆಳಗೆ ತೆಳುವಾದ ರಬ್ಬರ್ ಜಾಲರಿಯ ತುಂಡು ಹಾಕಿ, ರೇಷ್ಮೆ ಜುಬ್ಬಾದ ಬದಲು ಹತ್ತಿಯ ತುಂಬುತೋಳು ತೊಟ್ಟರೆ ಎಡಗೈ ವಾದ್ಯದ ಭಾರ ಹೊರುವುದು ತಪ್ಪುತ್ತದೆ. ನೆಲದ ಮೇಲೆ ಕುಳಿತು ಪಿಟೀಲಿನ ತುದಿಯನ್ನು ಬಲಪಾದಕ್ಕೆ ಆನಿಸುವ ನಮ್ಮ ಪದ್ಧತಿಯೂ ಎಡಗೈಯನ್ನು ಹೀಗೆಯೇ ಬಿಡುಗಡೆ ಮಾಡುತ್ತದೆ.

ಹಾವೇರಿ ಕಡೆಯ ಹಳ್ಳಿಗಳ ಭಜನೆಯಲ್ಲಿ ತಾಳದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುವವರು ಒಂದು ಗಣಿತ ಸೂತ್ರವನ್ನೇ ಬಳಸುತ್ತಿರುತ್ತಾರೆ. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣಾಂಕ (ಎರಡು ಮೈಗಳ ನಡುವಿನ ಘರ್ಷಣೆಯ ಅಳತೆ) 0.3 ಎಂದಿಟ್ಟುಕೊಂಡರೆ ಒಂದು ಪೂರ್ತಿ ಸುತ್ತಿಗೆ ಸುಮಾರು 6.6 ಪಟ್ಟು, ಎರಡು ಸುತ್ತಿಗೆ ಸುಮಾರು 43 ಪಟ್ಟು. ಎತ್ತಿನ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಾದ್ಯ ತನ್ನನ್ನು ತಾನೇ ಹಿಡಿದುಕೊಳ್ಳುವುದೂ ಘರ್ಷಣೆಯಿಂದ. ಮಳೆಗಾಲದ ತೇವಕ್ಕೆ ಮರ ಉಬ್ಬಿ ಬಿರಡೆ (ತಂತಿ ಬಿಗಿಸುವ ಮರದ ಗೂಟ) ಕಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಶ್ರುತಿ ಮಾಡಿ ಕೈ ತೆಗೆಯುವಷ್ಟರಲ್ಲಿ ಹಿಂದಕ್ಕೆ ತಿರುಗುತ್ತದೆ. ಕಚ್ಚಿದ್ದಕ್ಕೆ ಒಣ ಸೋಪು, ಜಾರುವುದಕ್ಕೆ ಸೀಮೆಸುಣ್ಣ ಸವರುವುದು ಹಳೆಯ ಉಪಾಯ. ಸವರುವ ಮೊದಲು ಬಿರಡೆ ಬಿಚ್ಚಿ ನೋಡಬೇಕು. ತೂತಿಗೆ ತಾಗುವ ಕಡೆ ಸುತ್ತಲೂ ಹೊಳೆಯುವ ಪಟ್ಟಿ ಇದ್ದರೆ ಅದು ಸರಿಯಾಗಿ ಕೂತಿದೆ. ಹೊಳಪು ಒಂದೇ ಮಗ್ಗುಲಲ್ಲಿದ್ದರೆ ಬಿರಡೆ ಸೊಟ್ಟಗೆ ಸವೆದಿದೆ. ಎಷ್ಟು ಸೀಮೆಸುಣ್ಣ ಬಳಿದರೂ ನಿಲ್ಲುವುದಿಲ್ಲ, ವಾದ್ಯ ರಿಪೇರಿ ಮಾಡುವವರಲ್ಲಿ ಒಯ್ದು ಹೊಸದಾಗಿ ಕೂಡಿಸಬೇಕು.