ಕುರಿಯ ಮೈಯಲ್ಲಿ ಕೊಬ್ಬು ಎಷ್ಟಿರಬೇಕು?

ಕುರಿಮರಿ ಬೇಗ ಬೆಳೆಯಬೇಕು, ಆದರೆ ಕೊಬ್ಬು ಜಾಸ್ತಿ ಇರಬಾರದು. ಇವತ್ತು ಬಹಳಷ್ಟು ತಳಿಗಾರರ ಆಸೆ ಇದು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಕೊಬ್ಬೇ ಬೇಕಿತ್ತು. ಲೆಸ್ಟರ್‌ಶೈರಿನ ರೈತ ರಾಬರ್ಟ್ ಬೇಕ್‌ವೆಲ್ ಬೇಗ ಮೈ ತುಂಬಿಕೊಳ್ಳುವ ಕುರಿಗಳನ್ನೇ ಆರಿಸಿ, ಹತ್ತಿರದ ಸಂಬಂಧದಲ್ಲೇ ಕೂಡಿಸಿ, ನ್ಯೂ ಲೆಸ್ಟರ್ ತಳಿ ಕಟ್ಟಿದ. ಟಗರುಗಳನ್ನು ಬಾಡಿಗೆಗೆ ಕೊಟ್ಟು, ಬೇರೆ ಹಿಂಡುಗಳಲ್ಲಿ ಅವುಗಳ ಮರಿ ಹೇಗಿವೆ ಎಂದು ನೋಡುತ್ತಿದ್ದ. ಜೀನ್ ಎಂಬ ಪದವೇ ಆಗ ಹುಟ್ಟಿರಲಿಲ್ಲ.

20ನೇ ಶತಮಾನದಲ್ಲಿ ಜನರ ರುಚಿ ಬದಲಾಯಿತು. ಆದರೆ ಕೊಬ್ಬು ಇಳಿಸುವುದು ಸುಮ್ನೆ ಅಲ್ಲ. ಮರಿ ಬೆಳೆಯುವಾಗ ಮೊದಲು ಮೂಳೆ, ಆಮೇಲೆ ಮಾಂಸ, ಕೊನೆಗೆ ಕೊಬ್ಬು ತುಂಬುತ್ತದೆ. ಹಾಗಾಗಿ ಒಂದೇ ತೂಕದ ಎರಡು ಮರಿಗಳಲ್ಲಿ, ಮುಂದೆ ದೊಡ್ಡದಾಗುವ ತಳಿಯದು ಇನ್ನೂ ಎಳೆಯದು, ಅದರಲ್ಲಿ ಕೊಬ್ಬು ಕಡಿಮೆ. ಬೆಳವಣಿಗೆಯ ಜೀನ್ ಯಾವುದು, ಕೊಬ್ಬಿನ ಜೀನ್ ಯಾವುದು ಎಂದು ಬಿಡಿಸುವುದು ಕಷ್ಟವಾಗುವುದು ಇಲ್ಲೇ. ಬದುಕಿರುವ ಕುರಿಯ ಬೆನ್ನಿನ ಕೊಬ್ಬನ್ನು ಅಲ್ಟ್ರಾಸೌಂಡಿನಲ್ಲಿ ಅಳೆಯಲು ಬಂದ ಮೇಲೆ ಆಯ್ಕೆ ಸುಲಭವಾಯಿತು.

1983ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಡಾರ್ಸೆಟ್ ತಳಿಯ ಒಂದು ಟಗರು ಹುಟ್ಟಿತು. ಹೆಸರು ಸಾಲಿಡ್ ಗೋಲ್ಡ್. ಅದರ ಹಿಂಗಾಲಿನ ತೊಡೆಗಳು ಉಬ್ಬಿಕೊಂಡಿದ್ದವು. ಅದರ ಕೆಲವು ಮರಿಗಳೂ ಹಾಗೇ ಬೆಳೆದವು: ಮಾಂಸ ಹೆಚ್ಚು, ಕೊಬ್ಬು ಕಡಿಮೆ. ಕಾರಣ 18ನೇ ಕ್ರೋಮೋಸೋಮಿನಲ್ಲಿ ಬದಲಾದ ಡಿಎನ್‌ಎಯ ಒಂದೇ ಒಂದು ಅಕ್ಷರ. ಅದು ಯಾವುದೆಂದು 2002ರಲ್ಲಿ ಗೊತ್ತಾಯಿತು. ನನಗೆ ಅಚ್ಚರಿ ಅದರ ನಡವಳಿಕೆಯದು. ಬದಲಾದ ಅಕ್ಷರ ಅಪ್ಪನಿಂದ ಬಂದು, ಅಮ್ಮನಿಂದ ಮಾಮೂಲಿ ಅಕ್ಷರ ಬಂದರೆ ಮಾತ್ರ ತೊಡೆ ಉಬ್ಬುತ್ತದೆ. ಅಮ್ಮನಿಂದ ಮಾತ್ರ ಬಂದರೆ ಇಲ್ಲ. ಇಬ್ಬರಿಂದಲೂ ಬಂದರೂ ಇಲ್ಲ! ಇಷ್ಟಾಗಿಯೂ ಆ ಮಾಂಸ ಗಟ್ಟಿ. ಕೊಯ್ದ ಮೇಲೆ ಮಾಂಸವನ್ನು ಮೆದುವಾಗಿಸುವ ಕಿಣ್ವವನ್ನು ತಡೆಯುವ ಪ್ರೋಟೀನ್ ಅದರಲ್ಲಿ ಹೆಚ್ಚು. ಹಾಗಾಗಿ ಮಾರುಕಟ್ಟೆಗೆ ಅದು ಒಗ್ಗಲಿಲ್ಲ.

ನೆದರ್‌ಲ್ಯಾಂಡ್ಸ್ ಮೂಲದ ಟೆಕ್ಸೆಲ್ ಕುರಿಯ ಗುಟ್ಟು ಬೇರೆ. ಮಯೋಸ್ಟಾಟಿನ್ ಎಂಬ ಪ್ರೋಟೀನ್ ಮಾಂಸಖಂಡ ಮಿತಿಮೀರಿ ಬೆಳೆಯದಂತೆ ತಡೆಯುತ್ತದೆ. ಟೆಕ್ಸೆಲ್‌ನಲ್ಲಿ ಆ ಜೀನಿನ ಒಂದು ಅಕ್ಷರ ಬದಲಾಗಿ, ಪ್ರೋಟೀನ್ ಕಡಿಮೆ ತಯಾರಾಗುತ್ತದೆ. 2006ರಲ್ಲಿ ಇದು ಬಯಲಾಯಿತು.

ಇಂಥ ದೊಡ್ಡ ಜೀನ್‌ಗಳು ಅಪರೂಪ. ತೂಕ ಮತ್ತು ಕೊಬ್ಬನ್ನು ನಿರ್ಧರಿಸುವವು ಹೆಚ್ಚಾಗಿ ಚಿಕ್ಕ ಚಿಕ್ಕ ಪರಿಣಾಮದ ನೂರಾರು ಜೀನ್‌ಗಳು, ಜೊತೆಗೆ ಮೇವು. ಅದಕ್ಕೇ ಈಗ ಕುರಿಯಿಂದ ಕುರಿಗೆ ಬದಲಾಗುವ ಸುಮಾರು 50,000 ಡಿಎನ್‌ಎ ಗುರುತುಗಳನ್ನು ಒಟ್ಟಿಗೆ ಓದುವ ಡಿಎನ್‌ಎ ಚಿಪ್ ಬಳಸಿ ಟಗರು ಆರಿಸುತ್ತಾರೆ.

ನನಗಿರುವ ಆತಂಕ ಒಂದೇ. ಕೊಬ್ಬು ಇಳಿಸುವ ಭರದಲ್ಲಿ ತಾಯಿ ಕುರಿಯನ್ನು ಮರೆಯಬಾರದು ಅಲ್ವಾ? ಮೇವು ಸಾಲದ ದಿನಗಳಲ್ಲಿ ಅದು ಮರಿಗೆ ಹಾಲುಣಿಸುವುದು ಮೈಯಲ್ಲಿರುವ ಕೊಬ್ಬನ್ನು ಕರಗಿಸಿಯೇ. ಮಧ್ಯಪ್ರಾಚ್ಯ, ಮಧ್ಯ ಏಷ್ಯಾದ ಒಣನೆಲದ ಕುರಿಗಾಹಿಗಳು ಸಾವಿರಾರು ವರ್ಷಗಳಿಂದ ಬಾಲದಲ್ಲಿ ಕೊಬ್ಬು ಕೂಡಿಡುವ ಕುರಿಗಳನ್ನೇ ಉಳಿಸಿಕೊಂಡು ಬಂದಿದ್ದಾರೆ.